ಹಳೇ ನೋವಿಗೆ ಮಾತ್ರೆ: ಮೆಡಿಕಲ್ ಶಾಪಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಅಡಿಕೆ ಸುಲಿಯುವವರು, ತೋಟದಲ್ಲಿ ಬಗ್ಗಿ ಕೆಲಸ ಮಾಡುವವರು, ಬಸ್ ಓಡಿಸುವವರು ಬರುತ್ತಾರೆ. ಕೇಳುವುದು ಒಂದೇ: "ನೋವಿಗೆ ಏನಾದ್ರೂ ಕೊಡಿ, ಸ್ವಲ್ಪ ಪವರ್ ಜಾಸ್ತಿ ಇರೋದು." ಕೌಂಟರಿನ ಮುಂದೆ ನಾಲ್ಕು ಜನ ನಿಂತಿರುವಾಗ ವಿವರವಾಗಿ ಹೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಡಾಕ್ಟರ ಹತ್ತಿರ ಹೋಗುವ ಮೊದಲು, ಹೋಗಿ ಬಂದ ಮೇಲೆ ಓದಿಕೊಳ್ಳಿ. ಅವರ ಬದಲಿಗೆ ಬೇಡ.

ಎಷ್ಟು ದಿನ ಇದ್ದರೆ ಅದು "ಹಳೇ ನೋವು"?

ಮೂರು ತಿಂಗಳು ದಾಟಿದರೆ. ಗಾಯ ಮಾಗಿದ ಮೇಲೂ ಉಳಿಯುವ ನೋವು ಇದರಲ್ಲಿ ಸೇರುತ್ತದೆ. ಮಂಡಿ ಸವೆತ, ಸೊಂಟ ನೋವು, ಸಕ್ಕರೆ ಕಾಯಿಲೆಯವರ ಪಾದದ ಉರಿ, ಸರ್ಪಸುತ್ತು ವಾಸಿಯಾದ ಮೇಲೂ ಬಿಡದ ಉರಿ ಎಲ್ಲ ಇದೇ ಗುಂಪು. 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕುನ್‌ಗುನ್ಯಾ ಜೋರಾಗಿ ಬಂತಲ್ಲ, ಆಗ ಕೀಲು ಹಿಡಿದುಕೊಂಡು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಒದ್ದಾಡಿದರು. ಅದೂ ಇದೇ ಲೆಕ್ಕ.

ಹೊಸ ನೋವು ಎಂದರೆ ಒಂದು ಎಚ್ಚರಿಕೆ. ಕೈ ಸುಟ್ಟರೆ ಕೈ ತೆಗೆಯುತ್ತೇವೆ. ಹಳೇ ನೋವಿನಲ್ಲಿ ಬೆಂಕಿ ಆರಿದ ಮೇಲೂ ಗಂಟೆ ಬಡಿಯುತ್ತಲೇ ಇರುತ್ತದೆ. ಅದಕ್ಕೇ ಹೊಸ ನೋವಿಗೆ ಎರಡು ದಿನದಲ್ಲಿ ಕೇಳಿದ ಮಾತ್ರೆ ಹಳೇ ನೋವಿಗೆ ಕೇಳದೇ ಇರಬಹುದು.

ಮಾತ್ರೆ ತಗೊಂಡ್ರೆ ನೋವು ಪೂರ್ತಿ ಹೋಗುತ್ತಾ?

ಹೆಚ್ಚಿನವರಿಗೆ ಪೂರ್ತಿ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಜನ "ಈ ಡಾಕ್ಟರ್ ಸರಿಯಿಲ್ಲ" ಎಂದು ಇನ್ನೊಬ್ಬರ ಹತ್ತಿರ ಹೋಗುತ್ತಾರೆ. ಅವರು ಇನ್ನೊಂದು ಚೀಟಿ ಬರೆಯುತ್ತಾರೆ. ಹಳೇ ಮಾತ್ರೆಯೂ ಮುಂದುವರಿಯುತ್ತದೆ, ಹೊಸದೂ ಸೇರುತ್ತದೆ.

ಹತ್ತಕ್ಕೆ ಎಂಟು ಇದ್ದ ನೋವು ಐದಕ್ಕೆ ಇಳಿದರೆ ಅದು ದೊಡ್ಡ ಗೆಲುವು. ಅಂಕಿಗಿಂತ ಮುಖ್ಯವಾದದ್ದು, ಆ ಐದರಲ್ಲಿ ನೀವು ಏನು ಮಾಡಬಲ್ಲಿರಿ ಎನ್ನುವುದು. ನಮ್ಮ ಅಂಗಡಿಗೆ ಬರುವ ಒಬ್ಬ ಅಜ್ಜಿಯನ್ನು "ನಿಮಗೆ ಏನು ಆಗಬೇಕು?" ಎಂದು ಕೇಳಿದೆ. "ನೋವು ಹೋಗಲಿ" ಎನ್ನುತ್ತಾರೆ ಅಂದುಕೊಂಡಿದ್ದೆ. "ಮೊಮ್ಮಗಳ ಮದುವೇಲಿ ಪಂಕ್ತಿಯಲ್ಲಿ ಕೂತು ಊಟ ಮಾಡ್ಬೇಕು, ಟೇಬಲ್ ಊಟ ನಂಗೆ ಬೇಡ" ಎಂದರು. ಇಂಥ ಗುರಿ ಇದ್ದರೆ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಹೇಳುವುದು ಸುಲಭ. ಒಂದೇ ಮಂಡಿ ಸವೆತಕ್ಕೆ ಒಬ್ಬರಿಗೆ ಮೆಟ್ಟಿಲು ಹತ್ತಬೇಕು, ಇನ್ನೊಬ್ಬರಿಗೆ ರಾತ್ರಿ ನಿದ್ದೆ ಬಂದರೆ ಸಾಕು. ಇಬ್ಬರಿಗೂ ಒಂದೇ ಚೀಟಿ ಯಾಕೆ ಹೊಂದಬೇಕು?

ಡೋಲೋ ದಿನಕ್ಕೆ ಎಷ್ಟು ತಗೋಬಹುದು?

ಪ್ಯಾರಸಿಟಮಾಲ್ ಬಗ್ಗೆ ಕೇಳುತ್ತಿದ್ದೀರಿ. ಆರೋಗ್ಯವಾಗಿರುವ ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಮೇಲಿನ ಮಿತಿ. 650ರ ಮಾತ್ರೆ ಆರು ನುಂಗಿದರೆ 3,900 ಮಿಲಿಗ್ರಾಂ, ಅಂದರೆ ಗಡಿಗೆ ಬಂದು ನಿಂತಿರಿ. 50 ಕೆ.ಜಿ.ಗಿಂತ ಕಡಿಮೆ ತೂಕದವರು, ವಯಸ್ಸಾದವರು, ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರಿಗೆ ಮಿತಿ ಇನ್ನೂ ಕಮ್ಮಿ. ಎಷ್ಟು ಎಂದು ಡಾಕ್ಟರ್ ಹೇಳಬೇಕು.

ಆರು ಮಾತ್ರೆ ಯಾರು ನುಂಗುತ್ತಾರೆ ಅಂತೀರಾ? ಗೊತ್ತಿಲ್ಲದೆ ನುಂಗುತ್ತಾರೆ. ಒಮ್ಮೆ ಒಬ್ಬರು ಪ್ಲಾಸ್ಟಿಕ್ ಕವರು ತಂದು ಕೌಂಟರಿನ ಗಾಜಿನ ಮೇಲೆ ಸುರಿದರು. ಮೂರು ಸ್ಟ್ರಿಪ್ ಪಕ್ಕಪಕ್ಕ ಇಟ್ಟು ತಿರುಗಿಸಿದೆ. ಒಂದು 650, ದಿನಕ್ಕೆ ಮೂರು. ಇನ್ನೊಂದು ಅಸಿಕ್ಲೋಫೆನಾಕ್ ಜೊತೆ 325 ಪ್ಯಾರಸಿಟಮಾಲ್ ಸೇರಿದ್ದು, ದಿನಕ್ಕೆ ಎರಡು. ಮೂರನೆಯದು ನೆಗಡಿ ಮಾತ್ರೆ, ಅದರಲ್ಲಿ 500, ದಿನಕ್ಕೆ ಮೂರು. ಬಿಲ್ ಪುಸ್ತಕದ ಹಿಂದೆ ಕೂಡಿಸಿದೆ: 1,950, 650, 1,500. ಒಟ್ಟು 4,100. ಮೂರಕ್ಕೂ ಬೇರೆ ಬೇರೆ ಹೆಸರು, ಬೇರೆ ಬಣ್ಣ. ಒಳಗಿನ ಔಷಧಿ ಒಂದೇ.

ಸ್ಟ್ರಿಪ್ಪಿನ ಮುಂದೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ನೀವು ಓದಬೇಕಾದ್ದು ಸಣ್ಣಕ್ಷರದ ಹೆಸರು. ಕಣ್ಣಿಗೆ ಕಾಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ, ಇಲ್ಲವೇ ನಮ್ಮನ್ನು ಕೇಳಿ.

ಇನ್ನೊಂದು ಮಾತು. ಸೊಂಟ ನೋವಿಗೆ ಪ್ಯಾರಸಿಟಮಾಲ್ ಅಷ್ಟೇನೂ ಕೇಳುವುದಿಲ್ಲ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಹೊಸ ಸೊಂಟ ನೋವಿನವರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಈ ಮಾತ್ರೆಗೂ ಸುಮ್ನೆ ಕೊಟ್ಟ ಖಾಲಿ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಕೇಳದ ಮಾತ್ರೆಯನ್ನು ಜಾಸ್ತಿ ನುಂಗಿದರೂ ಕೇಳುವುದಿಲ್ಲ, ಅಲ್ವಾ?

ನೋವಿನ ಮಾತ್ರೆಯಿಂದ ಕಿಡ್ನಿ ಹಾಳಾಗುತ್ತಂತೆ, ನಿಜವಾ?

ಎಲ್ಲ ಮಾತ್ರೆಯಿಂದಲೂ ಅಲ್ಲ, ಎಲ್ಲರಿಗೂ ಅಲ್ಲ. ಆದರೆ ಈ ಭಯಕ್ಕೆ ಕಾರಣ ಇದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ಪೈರಾಕ್ಸಿಕಾಮ್, ಎಟೋರಿಕಾಕ್ಸಿಬ್ ಒಂದೇ ಬಳಗದವು. ಊತ, ನೋವು ಎರಡಕ್ಕೂ ಚೆನ್ನಾಗಿ ಕೇಳುತ್ತವೆ. ಎರಡು ವಾರ ತಗೊಂಡು ಬಿಟ್ಟರೆ ಆರೋಗ್ಯವಂತರಿಗೆ ಹೆಚ್ಚಾಗಿ ಏನೂ ಆಗುವುದಿಲ್ಲ. ತೊಂದರೆ ಬರುವುದು ವರ್ಷಗಟ್ಟಲೆ ತಗೊಂಡಾಗ, ಅಥವಾ ಬೇರೆ ಮಾತ್ರೆಯ ಜೊತೆ ಸೇರಿದಾಗ.

ಇದು ನನ್ನ ಅಮ್ಮನಿಗೇ ಆಯಿತು. ಅವರು ಬಿ.ಪಿ.ಗೆ ಟೆಲ್ಮಿಸಾರ್ಟಾನ್ ತಗೊಳ್ಳುತ್ತಾರೆ, ಅದರಲ್ಲೇ ಉಚ್ಚೆ ಹೋಗಿಸುವ ಹೈಡ್ರೋಕ್ಲೋರೋಥಯಜೈಡ್ ಸೇರಿದೆ. ಮಂಡಿ ನೋವು ಜಾಸ್ತಿಯಾಯಿತು ಎಂದು ಒಂದು ಕ್ಲಿನಿಕ್ಕಿಗೆ ಹೋದರು. ಬಿ.ಪಿ. ಮಾತ್ರೆ ಯಾವುದು ಎಂದು ಅಲ್ಲಿ ಯಾರೂ ಕೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ಹತ್ತು ದಿನ ಡೈಕ್ಲೋಫೆನಾಕ್. ನಡುವೆ ಎರಡು ದಿನ ಭೇದಿ. ಹನ್ನೊಂದನೇ ದಿನ ಕಾಲು ಊದಿತ್ತು, ಉಚ್ಚೆ ಕಮ್ಮಿಯಾಗಿತ್ತು, ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಇಳಿಯಿತು, ಪುಣ್ಯ. ಮಗ ಫಾರ್ಮಸಿಸ್ಟ್ ಆಗಿದ್ದ ಮನೆಯಲ್ಲೇ ಹೀಗೆ.

ಆದದ್ದೇನು ಎಂದರೆ, ಕಿಡ್ನಿಯನ್ನು ತೋಟದ ಕಾಲುವೆ ಅಂದುಕೊಳ್ಳಿ. ನೋವಿನ ಮಾತ್ರೆ ನೀರು ಒಳಗೆ ಬರುವ ಬಾಗಿಲನ್ನು ಕಿರಿದು ಮಾಡುತ್ತದೆ. ಈ ಥರದ ಬಿ.ಪಿ. ಮಾತ್ರೆ ಹೊರಗೆ ಹೋಗುವ ಬಾಗಿಲನ್ನು ಅಗಲ ಮಾಡುತ್ತದೆ. ಉಚ್ಚೆ ಮಾತ್ರೆ ಕಾಲುವೆಯಲ್ಲಿರುವ ನೀರನ್ನೇ ಕಮ್ಮಿ ಮಾಡುತ್ತದೆ. ಮೂರೂ ಸೇರಿದರೆ ಒತ್ತಡವೇ ಇರುವುದಿಲ್ಲ, ಸೋಸುವ ಕೆಲಸ ನಿಲ್ಲುತ್ತದೆ. ವಾಂತಿ, ಭೇದಿ ಆದರಂತೂ ಕಾಲುವೆ ಒಣಗಿದ ಹಾಗೆ. ಹಾಗಾಗಿ ಬಿ.ಪಿ., ಸಕ್ಕರೆ, ಹೃದಯ, ಕಿಡ್ನಿ ಕಾಯಿಲೆ ಇರುವವರು ಈ ಬಳಗದ ಮಾತ್ರೆಯನ್ನು ತಾವೇ ಕೇಳಿ ಕೊಳ್ಳಬಾರದು. ಅವು ಬಿ.ಪಿ.ಯನ್ನೂ ಏರಿಸುತ್ತವೆ, ಹೃದಯಾಘಾತದ ಅಪಾಯವನ್ನೂ ಹೆಚ್ಚಿಸಬಹುದು. ರೋಫೆಕಾಕ್ಸಿಬ್ ಎಂಬ ಮಾತ್ರೆಯನ್ನು ಇದೇ ಕಾರಣಕ್ಕೆ 2004ರಲ್ಲಿ ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡರು. ಗರ್ಭಿಣಿಯರು, ಅದರಲ್ಲೂ 20 ವಾರ ದಾಟಿದವರು, ಡಾಕ್ಟರ್ ಹೇಳದೆ ಮುಟ್ಟಬೇಡಿ.

ಒಂದು ಅಡ್ಡಮಾತು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗೆ ಅಭಯಾರಣ್ಯ ಮಾಡಿದ್ದು 2012ರಲ್ಲಿ. ದೇಶದಲ್ಲಿ ರಣಹದ್ದುಗಳು ಅಷ್ಟು ಅಪರೂಪ ಆಗಲು ದೊಡ್ಡ ಕಾರಣ ಈ ಡೈಕ್ಲೋಫೆನಾಕೇ. ದನಗಳಿಗೆ ಕೊಡುತ್ತಿದ್ದರು. ಸತ್ತ ದನವನ್ನು ತಿಂದ ಹದ್ದುಗಳ ಕಿಡ್ನಿ ಹೋಯಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಮನುಷ್ಯರ ಕಿಡ್ನಿ ಹದ್ದಿನ ಕಿಡ್ನಿಯಷ್ಟು ಮೆತ್ತಗಿಲ್ಲ, ಗಾಬರಿ ಬೇಡ. ಆದರೂ ಗಿರಾಕಿಗಳಿಗೆ ಈ ಕಥೆ ಹೇಳಿದರೆ ನಾನು ಹೇಳಿದ್ದು ನೆನಪಿನಲ್ಲಿ ಉಳಿಯುತ್ತದೆ.

ಗ್ಯಾಸ್ ಮಾತ್ರೆ ಜೊತೆಗೆ ತಗೊಂಡ್ರೆ ಸಾಕಲ್ವಾ?

ಹೊಟ್ಟೆಗೆ ಸ್ವಲ್ಪ ಕಾವಲು, ಅಷ್ಟೇ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಹೊಟ್ಟೆ ಹುಣ್ಣನ್ನು ಕಮ್ಮಿ ಮಾಡುತ್ತದೆ. ಕಿಡ್ನಿಯನ್ನು, ಹೃದಯವನ್ನು ಕಾಯುವುದಿಲ್ಲ. ಊಟದ ಮೇಲೆ ತಗೊಂಡರೆ ಹೊಟ್ಟೆ ಉರಿ ಕಮ್ಮಿ ಅನ್ನಿಸಬಹುದು, ಆದರೆ ಔಷಧಿ ರಕ್ತಕ್ಕೆ ಸೇರಿಯೇ ಹೊಟ್ಟೆಯ ಕವಚವನ್ನು ತೆಳುಮಾಡುತ್ತದೆ. ರಕ್ತ ತೆಳುಮಾಡುವ ಮಾತ್ರೆ, ಹೃದಯಕ್ಕೆಂದು 75ರ ಆಸ್ಪಿರಿನ್ ತಗೊಳ್ಳುವವರು ಮೊದಲೇ ಹೇಳಿ. ಅದರ ಜೊತೆ ಐಬುಪ್ರೊಫೆನ್ ತಗೊಂಡರೆ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರಬಹುದು. ಮಲ ಟಾರಿನ ಹಾಗೆ ಕಪ್ಪಗೆ ಬಂದರೆ ನಾಳೆವರೆಗೆ ಕಾಯಬೇಡಿ.

ಮಾತ್ರೆಗಿಂತ ಸೂಜಿ ಬೇಗ ಕೇಳುತ್ತಲ್ಲ?

ಅರ್ಧ ಗಂಟೆ ಮುಂಚೆ ಕೇಳಬಹುದು. ಹತ್ತು ವರ್ಷದ ನೋವಿಗೆ ಅರ್ಧ ಗಂಟೆಯಿಂದ ಏನು ಲಾಭ? ಒಳಗೆ ಹೋಗುವುದು ಅದೇ ಔಷಧಿ, ಅದೇ ಕಿಡ್ನಿ, ಅದೇ ಹೊಟ್ಟೆ. ಜೊತೆಗೆ ಸೂಜಿ ಚುಚ್ಚಿದ ಜಾಗ ಕೀವಾಗುವ ಅಪಾಯ ಬೇರೆ.

ಜೆಲ್ ಹಚ್ಚಿದ್ರೆ ಏನೂ ಆಗಲ್ಲ, ಸುಮ್ನೆ ದುಡ್ಡು ಅಂತಾರೆ.

ಹಚ್ಚುವ ರೀತಿ ಸರಿಯಿಲ್ಲ. ಮಂಡಿ, ಬೆರಳಿನ ಕೀಲುಗಳ ಸವೆತಕ್ಕೆ ಡೈಕ್ಲೋಫೆನಾಕ್ ಜೆಲ್ ನಿಜಕ್ಕೂ ಒಳ್ಳೆಯದು. ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ, ಹಾಗಾಗಿ ವಯಸ್ಸಾದವರಿಗೆ ಮಾತ್ರೆಗಿಂತ ಮೊದಲು ಇದನ್ನೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಕಡಲೆಕಾಳಿನಷ್ಟು ತೆಗೆದು ಸವರಿದರೆ ಸಾಲದು. ಒಂದು ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು. ದಿನಕ್ಕೆ ಮೂರು ಸಲ ಹಚ್ಚಿದರೆ 30 ಗ್ರಾಂ ಟ್ಯೂಬು ಐದು ದಿನ ಬಂದರೆ ಹೆಚ್ಚು. ಅದೇ ಟ್ಯೂಬನ್ನು ಎರಡು ತಿಂಗಳು ಇಟ್ಟುಕೊಂಡು "ಕೇಳಲಿಲ್ಲ" ಎನ್ನುವವರನ್ನು ನೋಡಿದ್ದೇನೆ. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಸೊಂಟದ ಆಳದ ನೋವಿಗೆ ಇದು ಅಷ್ಟಾಗಿ ಮುಟ್ಟುವುದಿಲ್ಲ.

ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹಾಕಿದ ಮುಲಾಮೂ ಇದೆ. ಮೊದಲು ಉರಿಯುತ್ತದೆ, ದಿನಾ ಹಚ್ಚುತ್ತಾ ಹೋದರೆ ಉರಿಯೂ ನೋವೂ ತಗ್ಗುತ್ತವೆ. ಮನೆಯಲ್ಲಿ ಮೆಣಸಿನಕಾಯಿ ಅರೆದು ಹಚ್ಚಬೇಡಿ. ಒಬ್ಬರು ಹಚ್ಚಿಕೊಂಡು ಬಂದಿದ್ದರು. ಪುಣ್ಯಕ್ಕೆ ಬ್ಯಾಡಗಿ, ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ.

ನೋವಿಗೆ ಹೋದ್ರೆ ಮನಸ್ಸಿನ ಕಾಯಿಲೆ ಮಾತ್ರೆ ಬರೆದಿದ್ದಾರೆ. ನಂಗೆ ಹುಚ್ಚು ಅಂತಾನಾ?

ಖಂಡಿತ ಅಲ್ಲ. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್ ಎರಡೂ ಖಿನ್ನತೆಗೆ ಕೊಡುವ ಮಾತ್ರೆಗಳು ಹೌದು. ನರದ ನೋವಿಗೂ ಕೇಳುತ್ತವೆ. ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ, ನೋವನ್ನು ತಗ್ಗಿಸುವ ದಾರಿಯನ್ನು ಬಲಪಡಿಸುತ್ತವೆ. ನೋವಿಗೆ ಅಮಿಟ್ರಿಪ್ಟಿಲಿನ್ ಕೊಡುವುದು ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂನಿಂದ ಶುರು, ಖಿನ್ನತೆಗೆ ಕೊಡುವುದಕ್ಕಿಂತ ತುಂಬಾ ಕಮ್ಮಿ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗಬಹುದು, ಬೆಳಿಗ್ಗೆ ಮಂಕು ಇರಬಹುದು. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ, ಹೃದಯದ ಬಡಿತದ ತೊಂದರೆ ಇದ್ದರೆ ಹೇಳಿ.

ಡಾಕ್ಟರ್ ಇದನ್ನು ಎರಡು ಮಾತಿನಲ್ಲಿ ವಿವರಿಸಿದ್ದರೆ ಅರ್ಧ ಜನ ಮಾತ್ರೆ ಬಿಸಾಕುತ್ತಿರಲಿಲ್ಲ. ಅಕ್ಕಪಕ್ಕದವರು ಗೂಗಲ್ ಮಾಡಿ ಹೇಳಿದಾಗ ಗೊತ್ತಾದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ?

ಪ್ರೆಗಾಬಲಿನ್ ಒಂದು ವರ್ಷದಿಂದ ತಗೋತಿದ್ದೀನಿ. ಬಿಡಬಹುದಾ?

ಕೇಳಬೇಕಾದ ಪ್ರಶ್ನೆಯೇ. ಪಾದದ ಉರಿ, ಜುಮುಜುಮು, ಕರೆಂಟು ಹೊಡೆದಂಥ ನೋವಿಗೆ ಪ್ರೆಗಾಬಲಿನ್, ಗ್ಯಾಬಪೆಂಟಿನ್ ಕೊಡುತ್ತಾರೆ. ಸುಮಾರು ಏಳೆಂಟು ಜನರಿಗೆ ಕೊಟ್ಟರೆ ಒಬ್ಬರಿಗೆ, ಖಾಲಿ ಮಾತ್ರೆಯಿಂದ ಸಿಗದ ಒಳ್ಳೆಯ ಆರಾಮ ಸಿಗುತ್ತದೆ. ಆ ಒಬ್ಬರು ನೀವಾದರೆ ಅದೃಷ್ಟ, ಮುಂದುವರಿಸಿ. ಅಲ್ಲದಿದ್ದರೆ ತಲೆಸುತ್ತು, ಕಾಲು ಊತ, ತೂಕ ಏರಿಕೆ ಮಾತ್ರ ಉಳಿಯುತ್ತದೆ. ಕೆಲವು ವಾರ ಸರಿಯಾದ ಪ್ರಮಾಣದಲ್ಲಿ ತಗೊಂಡೂ ಏನೂ ಬದಲಾಗದಿದ್ದರೆ ಡಾಕ್ಟರಿಗೆ ಹೇಳಿ ನಿಲ್ಲಿಸಬೇಕು. ನಮ್ಮಲ್ಲಿ ಮಾತ್ರೆ ಶುರು ಮಾಡುವವರು ನೂರು ಜನ, ನಿಲ್ಲಿಸುವವರು ಯಾರೂ ಇಲ್ಲ. ನನ್ನ ದೊಡ್ಡ ತಕರಾರು ಇದೇ.

ನಿಲ್ಲಿಸುವಾಗ ಒಂದೇ ದಿನಕ್ಕೆ ಬಿಡಬೇಡಿ. ನಿದ್ದೆ ಹೋಗುತ್ತದೆ, ಬೆವರು, ಕಳವಳ ಬರುತ್ತದೆ, ಫಿಟ್ಸ್ ಕೂಡ ಬರಬಹುದು. ಕನಿಷ್ಠ ಒಂದು ವಾರ, ತುಂಬಾ ದಿನದಿಂದ ತಗೊಳ್ಳುತ್ತಿದ್ದರೆ ಇನ್ನೂ ನಿಧಾನವಾಗಿ ಇಳಿಸುತ್ತಾರೆ. ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್‌ಗೂ ಇದೇ ಮಾತು. ಸಂಜೆ ಕುಡಿಯುವ ಅಭ್ಯಾಸ ಇದ್ದರೆ, ನಿದ್ದೆ ಮಾತ್ರೆ ತಗೊಳ್ಳುತ್ತಿದ್ದರೆ ಪ್ರೆಗಾಬಲಿನ್ ಜೊತೆ ಅಪಾಯ.

ಇದರ ಜೊತೆ ಬರುವ "ನರದ ವಿಟಮಿನ್" ಮೀಥೈಲ್‌ಕೊಬಾಲಮಿನ್ ಎಂದರೆ ಬಿ12. ಕೊರತೆ ಇದ್ದರೆ ಬೇಕೇ ಬೇಕು. ತುಂಬಾ ವರ್ಷ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ, ಶುದ್ಧ ಸಸ್ಯಾಹಾರಿಗಳಲ್ಲಿ ಕೊರತೆ ಸಾಮಾನ್ಯ. ಕೊರತೆ ಇಲ್ಲದವರಿಗೆ ಅದರಿಂದ ನೋವು ಹೋಗುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ.

ಟ್ರಮಡಾಲ್ ಕೇಳಿದ್ರೆ ನೀವು ಯಾಕೆ ಚೀಟಿ ಕೇಳ್ತೀರಿ?

ಕಾನೂನು. 2018ರಲ್ಲಿ ಟ್ರಮಡಾಲನ್ನು ಮಾದಕ ವಸ್ತುಗಳ ಕಾಯ್ದೆಯೊಳಗೆ ತಂದರು. ಚೀಟಿ ಇಲ್ಲದೆ ಕೊಟ್ಟರೆ ತಪ್ಪು ನನ್ನದು. ಕೋಪ ಮಾಡಿಕೊಂಡು ಹೋದವರು ಇದ್ದಾರೆ, ಏನು ಮಾಡುವುದು?

ಕಾನೂನು ಇರಲಿ, ಔಷಧಿಯೂ ಲಘುವಲ್ಲ. ಅದು ಅಫೀಮಿನ ಬಳಗದ ಕೆಲಸವನ್ನೇ ಮಾಡುತ್ತದೆ. ವಾರಗಟ್ಟಲೆ ತಗೊಂಡರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಇದು ಚಟವೇ ಆಗಬೇಕಿಲ್ಲ. ಒಗ್ಗಿದ ದೇಹ ಬಿಟ್ಟಾಗ ಒದ್ದಾಡುತ್ತದೆ, ನಿಧಾನ ಇಳಿಸಿದರೆ ಸರಿಹೋಗುತ್ತದೆ. ನೋವಿಲ್ಲದಾಗಲೂ ಬೇಕು ಅನ್ನಿಸುವುದು, ಮನೆಯವರಿಂದ ಮುಚ್ಚಿಡುವುದು, ಎರಡು ಮೂರು ಅಂಗಡಿ ಸುತ್ತುವುದು ಶುರುವಾದರೆ ಅದು ಚಟ. ಅದು ಕೂಡ ಕಾಯಿಲೆಯೇ, ಚಿಕಿತ್ಸೆ ಇದೆ. ಬೈದರೆ ಜನ ಬಚ್ಚಿಡುತ್ತಾರೆ, ಅಷ್ಟೇ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಫಿಟ್ಸ್ ಇರುವವರು, ಖಿನ್ನತೆಯ ಮಾತ್ರೆ ತಗೊಳ್ಳುವವರು ಟ್ರಮಡಾಲ್ ಬರೆಸಿಕೊಳ್ಳುವ ಮುಂಚೆ ಬಾಯಿಬಿಟ್ಟು ಹೇಳಿ. ಜೊತೆಯಾದರೆ ಫಿಟ್ಸ್ ಬರಬಹುದು, ಜ್ವರ, ನಡುಕ, ಗೊಂದಲ ಆಗಬಹುದು.

ಮಾರ್ಫಿನ್ ಬರೆದಿದ್ದಾರೆ ಅಂದ್ರೆ ಕೊನೆಗಾಲ ಅಂತಾನಾ?

ಈ ಪ್ರಶ್ನೆಯನ್ನು ಮನೆಯವರು ಪಿಸುಮಾತಿನಲ್ಲಿ ಕೇಳುತ್ತಾರೆ. ಅಲ್ಲ. ಕ್ಯಾನ್ಸರ್ ನೋವು ಜೋರಾಗಿದೆ ಎಂದಷ್ಟೇ ಅರ್ಥ. ಚಿಕಿತ್ಸೆ ನಡೆಯುತ್ತಿರುವಾಗಲೂ ಕೊಡುತ್ತಾರೆ, ನೋವು ಇಳಿದರೆ ನಿಲ್ಲಿಸುತ್ತಾರೆ.

ನಮ್ಮ ದೇಶದ ವಿಚಿತ್ರ ನೋಡಿ. ಮಾರ್ಫಿನ್ ಬರುವುದು ಅಫೀಮಿನಿಂದ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಪರವಾನಗಿ ಪಡೆದು ರೈತರು ಅಫೀಮು ಬೆಳೆಯುತ್ತಾರೆ. ನಾವು ಪಾಯಸ ಮಾಡುವ ಗಸಗಸೆ ಅದೇ ಗಿಡದ ಬೀಜ. ಆದರೆ 1985ರ ಮಾದಕ ವಸ್ತುಗಳ ಕಾಯ್ದೆಯ ಬಿಗಿಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ನೋವಿನವರಿಗೆ ಸಿಗಲಿಲ್ಲ. 2014ರಲ್ಲಿ ಕಾಯ್ದೆ ತಿದ್ದಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸುಲಭ ಮಾಡಿದರು. ನಮ್ಮಂಥ ಸಣ್ಣ ಅಂಗಡಿಯಲ್ಲಿ ಈಗಲೂ ಸಿಗುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಕಡೆ ಕೇಳಬೇಕು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತಗೊಳ್ಳದೆ ನೋಡಿಕೊಳ್ಳುವ ಕರುಣಾಶ್ರಯವೂ ಬೆಂಗಳೂರಿನಲ್ಲೇ ಇದೆ.

ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಗೆ ಔಷಧಿ ಶುರುವಾಗಬೇಕು. ವಾಕರಿಕೆ, ಮಂಪರು ಕೆಲವು ದಿನದಲ್ಲಿ ತಗ್ಗುತ್ತವೆ, ಮಲಬದ್ಧತೆ ಮಾತ್ರ ತಗ್ಗುವುದಿಲ್ಲ. ಎಬ್ಬಿಸಿದರೂ ಏಳದಷ್ಟು ನಿದ್ದೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಆಸ್ಪತ್ರೆಗೆ. ಇನ್ನು ಸೊಂಟ ನೋವು, ಮಂಡಿ ನೋವಿಗೆ ವರ್ಷಗಟ್ಟಲೆ ಇಂಥ ಮಾತ್ರೆ ಕೊಡುವುದು ಒಳ್ಳೆಯದಲ್ಲ. ಲಾಭ ಕಮ್ಮಿ, ತೊಂದರೆ ಜಾಸ್ತಿ.

ಸಂತೆಯಲ್ಲಿ ಒಂದು ಪುಡಿ ಕೊಡ್ತಾರೆ. ಮೂರೇ ದಿನಕ್ಕೆ ಎದ್ದು ಓಡಾಡಿದೆ!

ಮೂರು ದಿನಕ್ಕೆ ಎದ್ದು ಓಡಾಡಿದರೆ ನನಗೆ ಅನುಮಾನ ಬರುತ್ತದೆ. ಲೇಬಲ್ ಇಲ್ಲದ ಪುಡಿ, ಗುಳಿಗೆಗಳಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ. ಮೊದಲು ಹಸಿವು ಚೆನ್ನಾಗಿ ಆಗುತ್ತದೆ, ಮುಖ ದುಂಡಗಾಗುತ್ತದೆ. "ಮೈ ಕೈ ತುಂಬಿಕೊಂಡಿದೆ" ಎಂದು ಮನೆಯವರಿಗೆ ಖುಷಿ. ಆಮೇಲೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ನಾನು ಹೇಳಿದೆ ಎಂದು ಇವತ್ತೇ ಬಿಸಾಕಬೇಡಿ. ದೇಹ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಮರೆತಿರುತ್ತದೆ, ಥಟ್ಟನೆ ಬಿಟ್ಟರೆ ಬಿ.ಪಿ. ಕುಸಿದು ಜೀವಕ್ಕೇ ಬರಬಹುದು. ಪುಡಿಯ ಪೊಟ್ಟಣದ ಸಮೇತ ಡಾಕ್ಟರ ಹತ್ತಿರ ಹೋಗಿ.

ಡಾಕ್ಟರ್ ಎರಡೇ ನಿಮಿಷ ನೋಡ್ತಾರೆ. ಅಷ್ಟರಲ್ಲಿ ಏನು ಹೇಳೋದು?

ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ ಕವರಿಗೆ ಹಾಕಿ ತಗೊಂಡು ಹೋಗಿ. ಬಿ.ಪಿ.ದು, ನಾಟಿ ಔಷಧಿ, ಮಗಳು ಬೆಂಗಳೂರಿನಿಂದ ಕಳಿಸಿದ್ದು, ಎಲ್ಲ. ಒಂದು ವಾಕ್ಯದಲ್ಲಿ ಗುರಿ ಹೇಳಿ: "ಅರ್ಧ ಗಂಟೆ ನಿಂತು ಅಡುಗೆ ಮಾಡೋಕಾಗಬೇಕು." ಆಮೇಲೆ ಕೇಳಿ, "ಇದನ್ನು ಎಷ್ಟು ದಿನ ತಗೋಬೇಕು? ಕೇಳದಿದ್ದರೆ ಯಾವಾಗ ನಿಲ್ಲಿಸಬೇಕು?" ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವವರು ಸಿಕ್ಕರೆ ಅವರನ್ನು ಬಿಡಬೇಡಿ. ಮಾತ್ರೆ ಬೇಡ ಎನ್ನಿಸಿದರೆ ಅದನ್ನೂ ಹೇಳಿ. ತಲೆಯಾಡಿಸಿ ಚೀಟಿ ತಗೊಂಡು, ಮನೆಯಲ್ಲಿ ಡಬ್ಬಕ್ಕೆ ಹಾಕಿಡುವುದರಿಂದ ಇಬ್ಬರಿಗೂ ನಷ್ಟ.

ನಡೆಯುವುದು, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಫಿಸಿಯೋಥೆರಪಿ ಬಗ್ಗೆಯೂ ಕೇಳಿ. ಮಂಡಿ, ಸೊಂಟಕ್ಕೆ ಇವು ಮಾತ್ರೆಯಷ್ಟೇ ಮುಖ್ಯ. ಮಾತ್ರೆಯ ಆರಾಮ ಇರುವ ಹೊತ್ತಿನಲ್ಲಿ ವ್ಯಾಯಾಮ ಮಾಡಿದರೆ ಎರಡರದ್ದೂ ಲಾಭ.

ಯಾವ ನೋವಿಗೆ ಮಾತ್ರೆ ಕೇಳದೆ ನೇರ ಆಸ್ಪತ್ರೆಗೆ ಹೋಗ್ಬೇಕು?

ಸೊಂಟ ನೋವಿನ ಜೊತೆ ಉಚ್ಚೆ, ಮಲದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿಗೆ ಶಕ್ತಿ ಇಲ್ಲದಂತಾದರೆ ಅದೇ ದಿನ. ಜ್ವರ, ಕಾರಣವಿಲ್ಲದೆ ತೂಕ ಇಳಿಕೆ, ಮೊದಲು ಕ್ಯಾನ್ಸರ್ ಆಗಿದ್ದರೆ ತಡ ಮಾಡಬೇಡಿ. ಎದೆ ನೋವಿಗೆ ಗ್ಯಾಸ್ ಮಾತ್ರೆ ಕೇಳಲು ನನ್ನ ಹತ್ತಿರ ಬರಬೇಡಿ. ಮಾತ್ರೆ ತಗೊಂಡ ಮೇಲೆ ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು, ಮುಖ ಊತ ಬಂದರೆ ಮಾತ್ರೆ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ. ಆಮೇಲೆ 1800-180-3024ಕ್ಕೆ ಫೋನ್ ಮಾಡಿ ತಿಳಿಸಬಹುದು, ದುಡ್ಡು ಇಲ್ಲ. ಔಷಧಿಯ ಅಡ್ಡಪರಿಣಾಮ ದಾಖಲಿಸುವ ಸರ್ಕಾರದ ನಂಬರು ಅದು.

ಉಳಿದ ಮಾತ್ರೆ ಪಕ್ಕದ ಮನೆಯವರಿಗೆ ಕೊಡಬಹುದಾ? ಅವರಿಗೂ ಮಂಡಿ ನೋವೇ.

ಬೇಡ. ಅವರ ಬಿ.ಪಿ. ಮಾತ್ರೆ ಯಾವುದು ಎಂದು ನಿಮಗೆ ಗೊತ್ತಾ? ಅಮ್ಮನ ಕಥೆ ಮೇಲೆ ಹೇಳಿದ್ದೇನೆ. ಟ್ರಮಡಾಲ್, ಅದೇ ಥರದ ಟಪೆಂಟಡಾಲ್, ಮಾರ್ಫಿನ್ ಉಳಿದಿದ್ದರೆ ಮನೆಯಲ್ಲಿ ಇಡಲೇಬೇಡಿ, ಮಕ್ಕಳ ಕೈಗೆ ಸಿಕ್ಕರೆ ಕಷ್ಟ. ಇಂಥ 17 ಔಷಧಿಗಳನ್ನು ಕಸಕ್ಕೆ ಹಾಕದೆ ಟಾಯ್ಲೆಟ್ಟಿನಲ್ಲಿ ನೀರು ಬಿಟ್ಟು ಹೋಗಿಸಿ ಎಂದು 2025ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಹೇಳಿದೆ. ಈ ಮೂರೂ ಆ ಪಟ್ಟಿಯಲ್ಲಿವೆ. ಬೇರೆ ಮಾತ್ರೆಗಳನ್ನು ಟಾಯ್ಲೆಟ್ಟಿಗೆ ಹಾಕಬೇಡಿ. ಅವಧಿ ಮುಗಿಯದೆ ಉಳಿದ ಪೂರ್ತಿ ಸ್ಟ್ರಿಪ್ ಇದ್ದರೆ ಬಿಲ್ ಸಮೇತ ತನ್ನಿ, ಸಾಧ್ಯವಾದರೆ ವಾಪಸ್ ತಗೊಳ್ಳುತ್ತೇನೆ. ಕತ್ತರಿಸಿದ್ದು ಬೇಡ.